ಜಲಾಂತರ್ಗಾಮಿಯ ಬಾಗಿಲು ಅಳೆದವರು ಕೇಳದ ಪ್ರಶ್ನೆ

ಟಿ.ವಿ. ಪರದೆಯ ಮೇಲಿನ ತಪ್ಪನ್ನು ಪತ್ತೆ ಹಚ್ಚುವುದರಲ್ಲಿ ಇಂದಿನ ವೀಕ್ಷಕ ಬಹಳ ಚುರುಕಾಗಿದ್ದಾನೆ. ನಾಯಕನ ಗಡಿಯಾರದಿಂದ ಹಿಡಿದು ಪೊಲೀಸನ ಟೋಪಿಯವರೆಗೆ ಯಾವುದೂ ಅವನ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದೇ ಪರದೆಯ ಹಿಂದೆ ನಿಂತಿರುವ ನಿಜದ ಬಗ್ಗೆ ಅವನಿಗಿರುವ ಕುತೂಹಲ ಎಷ್ಟು? 2021ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬ್ರಿಟನ್ನಿನಲ್ಲಿ ಒಂದು ಧಾರಾವಾಹಿಯ ಸುತ್ತ ನಡೆದ ಚರ್ಚೆಯನ್ನು ಗಮನಿಸಿದರೆ ಈ ಪ್ರಶ್ನೆಗೆ ಸಿಗುವ ಉತ್ತರ ಸಮಾಧಾನಕರವಾಗಿಲ್ಲ.

ಬಿಬಿಸಿ ಪ್ರಸಾರ ಮಾಡಿದ ಆ ಧಾರಾವಾಹಿಯ ಹೆಸರು 'ವಿಜಿಲ್'. ಆರು ಕಂತುಗಳ ಈ ರೋಚಕ ಕಥೆಯ ಬಹುಪಾಲು ನಡೆಯುವುದು ಅಣ್ವಸ್ತ್ರ ಹೊತ್ತ ಒಂದು ಜಲಾಂತರ್ಗಾಮಿಯೊಳಗೆ. ಗಸ್ತಿನಲ್ಲಿರುವ ಆ ನೌಕೆಯಲ್ಲಿ ಒಬ್ಬ ನಾವಿಕ ಸತ್ತು ಬೀಳುತ್ತಾನೆ. ತನಿಖೆಗೆಂದು ಏಮಿ ಸಿಲ್ವಾ ಎಂಬ ಪೊಲೀಸ್ ಅಧಿಕಾರಿಣಿಯನ್ನು ಹೆಲಿಕಾಪ್ಟರಿನಿಂದ ಅದರೊಳಗೆ ಇಳಿಸಲಾಗುತ್ತದೆ. ಆ ಪಾತ್ರದಲ್ಲಿ ನಟಿಸಿದವರು ಸುರಾನ್ ಜೋನ್ಸ್. ಒಂದು ಕೋಟಿಗೂ ಮಿಕ್ಕಿದ ಜನರು ಇದನ್ನು ವೀಕ್ಷಿಸಿದರು. ಪ್ರತಿ ಭಾನುವಾರ ರಾತ್ರಿ ಕಂತು ಮುಗಿದೊಡನೆ ಪತ್ರಿಕೆಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಚರ್ಚೆಯೋ ಚರ್ಚೆ.

ಚರ್ಚೆ ಯಾವುದರ ಬಗ್ಗೆ? ಜಲಾಂತರ್ಗಾಮಿಯೊಳಗಿನ ಓಣಿಗಳು ಇಷ್ಟು ಅಗಲ ಇರುತ್ತವೆಯೇ? ಹೊರಗಿನಿಂದ ಬಂದ ಅಧಿಕಾರಿಣಿಗೆ ಪ್ರತ್ಯೇಕ ಕೋಣೆ ಸಿಗುವುದು ಸಾಧ್ಯವೇ? ಟಾರ್ಪಿಡೊ ಉಡಾಯಿಸುವ ಕೊಳವೆಯೊಳಗೆ ಮನುಷ್ಯನನ್ನು ಕೂಡಿಹಾಕಿ ಬದುಕಿಸಿ ತರಲು ಆಗುತ್ತದೆಯೇ? ಇಂತಹ ನೌಕೆಗಳಲ್ಲಿ ದುಡಿದ ಮಾಜಿ ನಾವಿಕರು ಮುಂದೆ ಬಂದು, ತಮ್ಮ ಅನುಭವದ ಜಲಾಂತರ್ಗಾಮಿ ಹೀಗಿರಲಿಲ್ಲ, ಅಲ್ಲಿ ಒಬ್ಬ ಸರಿದು ನಿಂತರೆ ಮಾತ್ರ ಇನ್ನೊಬ್ಬ ದಾಟಬಹುದು ಎಂದು ವಿವರಿಸಿದರು. ನೋಡಿದವರು ನಕ್ಕರು, ಗೇಲಿ ಮಾಡಿದರು, ಮುಂದಿನ ಭಾನುವಾರಕ್ಕೆ ಕಾದು ಕುಳಿತರು.

ಈ ಆಕ್ಷೇಪಗಳು ತಪ್ಪೆಂದು ನಾವು ಹೇಳುತ್ತಿಲ್ಲ. ಬ್ರಿಟನ್ನಿನ ವ್ಯಾನ್‌ಗಾರ್ಡ್ ವರ್ಗದ ಜಲಾಂತರ್ಗಾಮಿ ಸುಮಾರು 150 ಮೀಟರ್ ಉದ್ದವಿದೆ, ಮುಳುಗಿದಾಗ ಅದರ ಭಾರ ಸುಮಾರು 16,000 ಟನ್. ಕೇಳಲು ದೊಡ್ಡದೆನಿಸಿದರೂ ಕ್ಷಿಪಣಿಗಳು, ಪರಮಾಣು ಸ್ಥಾವರ, ಯಂತ್ರೋಪಕರಣಗಳು ಜಾಗ ನುಂಗಿದ ಮೇಲೆ ನೂರ ಮೂವತ್ತಕ್ಕೂ ಹೆಚ್ಚು ಮಂದಿ ಉಳಿದ ಇಕ್ಕಟ್ಟಿನಲ್ಲೇ ತಿಂಗಳುಗಟ್ಟಲೆ ದಿನ ದೂಡಬೇಕು. ಸೂರ್ಯನ ಬೆಳಕಿಲ್ಲ, ಮನೆಯವರ ಜೊತೆ ಮಾತಿಲ್ಲ. ಆ ಬದುಕನ್ನು ಕಂಡವರು ಪರದೆಯ ಮೇಲಿನ ವಿಶಾಲ ಕೋಣೆಗಳನ್ನು ನೋಡಿ ಮುಗುಳ್ನಕ್ಕರೆ ಅದು ಸಹಜ. ಆದರೆ ಒಂದು ಕೋಟಿ ಜನರ ವಿಚಾರಶಕ್ತಿ ಬಾಗಿಲಿನ ಅಗಲವನ್ನು ಅಳೆಯುವಲ್ಲಿಗೆ ಮುಗಿದುಹೋದರೆ ಅದನ್ನು ಸಹಜ ಎಂದು ಒಪ್ಪಲು ನಾವು ಸಿದ್ಧರಿಲ್ಲ.

ಧಾರಾವಾಹಿಯ ಆರಂಭವನ್ನೇ ನೆನಪಿಸಿಕೊಳ್ಳಿ. ಮೀನುಗಾರಿಕಾ ಬೋಟೊಂದು ಸ್ಕಾಟ್ಲೆಂಡಿನ ಕಡಲಿನಲ್ಲಿ ಬಲೆ ಎಳೆಯುತ್ತಿದೆ. ಇದ್ದಕ್ಕಿದ್ದಂತೆ ಕಣ್ಣಿಗೆ ಕಾಣದ ಯಾವುದೋ ಶಕ್ತಿ ಬಲೆಯನ್ನು ಹಿಡಿದು ಬೋಟನ್ನು ನೀರಿನಡಿಗೆ ಎಳೆದೊಯ್ಯುತ್ತದೆ. ಸಮೀಪದಲ್ಲೇ ಇದ್ದ ಅಣ್ವಸ್ತ್ರ ನೌಕೆ ಅದನ್ನು ಕೇಳಿಸಿಕೊಂಡರೂ ಮೇಲಕ್ಕೆ ಬರುವುದಿಲ್ಲ. ಬಂದರೆ ಅದರ ಇರುವಿಕೆ ಬಯಲಾಗುತ್ತದೆ. ಮೀನುಗಾರರು ಸಾಯುತ್ತಾರೆ, ಗುಟ್ಟು ಉಳಿಯುತ್ತದೆ. ಕಥೆಯ ಅತ್ಯಂತ ಭಯಾನಕ ನಿಮಿಷಗಳು ಇವೇ. ಆದರೆ ಜನರ ಮಾತಿನಲ್ಲಿ ಈ ಸತ್ತ ಮೀನುಗಾರರಿಗೆ ಸಿಕ್ಕ ಜಾಗ ನಾಯಕಿಯ ಕೋಣೆಗೆ ಸಿಕ್ಕಿದ್ದಕ್ಕಿಂತ ಕಡಿಮೆ. ಬೋಟು ಮುಳುಗುವ ದೃಶ್ಯ ಕಥೆಗೆ ಕಾವು ಕೊಡಲು ಕಟ್ಟಿದ ಕಲ್ಪನೆ ಎಂದೇ ಬಹಳಷ್ಟು ಮಂದಿ ಭಾವಿಸಿರಬೇಕು.

ಅದು ಬರೀ ಕಲ್ಪನೆಯಲ್ಲ. 1990ರ ನವೆಂಬರ್ 22ರಂದು ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯಲ್ಲಿ 'ಆಂಟಾರೆಸ್' ಎಂಬ ಮೀನುಗಾರಿಕಾ ಬೋಟಿನ ಬಲೆಗೆ ಬ್ರಿಟಿಷ್ ನೌಕಾಪಡೆಯ 'ಟ್ರೆಂಚಂಟ್' ಎಂಬ ಜಲಾಂತರ್ಗಾಮಿ ಸಿಕ್ಕಿಕೊಂಡಿತು. ಬೋಟು ಮುಳುಗಿತು. ಅದರಲ್ಲಿದ್ದ ನಾಲ್ವರೂ ಸತ್ತರು. ಅವರು ಕ್ಯಾರಡೇಲ್ ಎಂಬ ಸಣ್ಣ ಊರಿನ ಮೀನುಗಾರರು. ಅದು ಯುದ್ಧವೂ ಅಲ್ಲ, ಶತ್ರುವಿನ ದಾಳಿಯೂ ಅಲ್ಲ. ತರಬೇತಿಯಲ್ಲಿದ್ದ ತಮ್ಮದೇ ದೇಶದ ನೌಕೆ, ತಮ್ಮದೇ ಊರಿನ ಮುಂದಿನ ಕಡಲು. ಸಮುದ್ರ ಅಪಘಾತಗಳ ತನಿಖಾ ಸಂಸ್ಥೆ ತನ್ನ ವರದಿಯಲ್ಲಿ, ಜಲಾಂತರ್ಗಾಮಿಯೊಳಗಿನ ಕಾವಲು ವ್ಯವಸ್ಥೆ ಭಾಗಶಃ ಕುಸಿದಿದ್ದೇ ದುರಂತಕ್ಕೆ ಕಾರಣ ಎಂಬ ತೀರ್ಮಾನಕ್ಕೆ ಬಂದಿತು.

ಇದು ಹಳೆಯ ಕಥೆ, ಆಮೇಲೆ ಎಲ್ಲ ಸರಿಹೋಗಿದೆ ಎನ್ನುವವರಿಗೆ ಇನ್ನೊಂದು ಘಟನೆಯಿದೆ. 2015ರ ಏಪ್ರಿಲ್‌ನಲ್ಲಿ ಐರಿಷ್ ಸಮುದ್ರದಲ್ಲಿ ಉತ್ತರ ಐರ್ಲೆಂಡಿನ 'ಕ್ಯಾರೆನ್' ಎಂಬ ಬೋಟನ್ನು ಯಾವುದೋ ಶಕ್ತಿ ಬಲೆ ಸಮೇತ ಹಿಂದಕ್ಕೆ ಎಳೆದೊಯ್ದಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಆಗ ಬೆರಳು ತೋರಿಸಿದ್ದು ಯಾರ ಕಡೆಗೆ? ರಶ್ಯಾದ ಕಡೆಗೆ. ರಶ್ಯಾದ ಜಲಾಂತರ್ಗಾಮಿಯೊಂದು ಕದ್ದು ನುಸುಳಿರಬೇಕೆಂಬ ಊಹೆ ಸುದ್ದಿಯಾಯಿತು. ಸುಮಾರು ಐದು ತಿಂಗಳ ಬಳಿಕ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಯೇ, ಅದು ತಮ್ಮ ನೌಕೆ ಎಂದು ಒಪ್ಪಿಕೊಂಡಿತು. ಮೇಲಿದ್ದ ಬೋಟನ್ನು ಸರಕು ಹಡಗೆಂದು ಜಲಾಂತರ್ಗಾಮಿಯವರು ತಪ್ಪಾಗಿ ತಿಳಿದಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು.

ಇಲ್ಲೇ ಈ ಧಾರಾವಾಹಿಯ ನಿಜವಾದ ದೋಷವಿದೆ. ಓಣಿಯ ಅಗಲ ಅದರ ದೋಷವಲ್ಲ. ಕಥೆಯ ಕೊನೆಗೆ ಕೊಲೆಗಾರನ ಹಿಂದೆ ಯಾರಿದ್ದಾರೆ ಎಂದು ಬಿಚ್ಚಿಕೊಳ್ಳುವಾಗ ಅಲ್ಲಿ ನಿಂತಿರುವುದು ರಶ್ಯಾ. ವಿದೇಶಿ ಗೂಢಚಾರನೊಬ್ಬ ಸಿಕ್ಕಿಬಿದ್ದ ಕೂಡಲೇ ವೀಕ್ಷಕನ ಮನಸ್ಸು ಹಗುರವಾಗುತ್ತದೆ. ಅಷ್ಟರವರೆಗೆ ಕಥೆಯೇ ಎತ್ತಿದ್ದ ಪ್ರಶ್ನೆಗಳು ಎಲ್ಲಿ ಹೋದವು? ಮುಳುಗುತ್ತಿರುವವರನ್ನು ಬಿಟ್ಟು ಹೋಗುವುದು ಸರಿಯೇ? ಗುಟ್ಟಿನ ಹೆಸರಿನಲ್ಲಿ ಪೊಲೀಸ್ ತನಿಖೆಗೆ ಅಡ್ಡಿ ಮಾಡುವ ಹಕ್ಕು ಯಾರಿಗಿದೆ? ನೌಕಾನೆಲೆಯ ಹೊರಗೆ ಬಿಡಾರ ಹೂಡಿದ ಶಾಂತಿ ಚಳವಳಿಯವರು ಹೇಳುವುದರಲ್ಲಿ ಹುರುಳಿಲ್ಲವೇ? ಸ್ಕಾಟ್ಲೆಂಡಿನ ಫಾಸ್ಲೇನ್ ನೆಲೆಯ ಬಳಿ 1982ರಿಂದ ಅಂತಹ ಬಿಡಾರ ನಿಜಕ್ಕೂ ಇದೆ. ಹೊರಗಿನ ಶತ್ರು ಸಿಕ್ಕಿದ ಮೇಲೆ ಮನೆಯೊಳಗಿನ ಪ್ರಶ್ನೆಗಳಿಗೆ ಉತ್ತರ ಕೊಡುವ ಗೋಜು ಯಾರಿಗೂ ಉಳಿಯುವುದಿಲ್ಲ.

ಈ ಸೂತ್ರದ ಪರಿಚಯ ನಮ್ಮ ಓದುಗರಿಗೆ ಹೊಸತಲ್ಲ. 'ವಿಜಿಲ್' ತಯಾರಿಸಿದ ವರ್ಲ್ಡ್ ಪ್ರೊಡಕ್ಷನ್ಸ್ ಸಂಸ್ಥೆಯೇ 2018ರಲ್ಲಿ 'ಬಾಡಿಗಾರ್ಡ್' ಎಂಬ ಧಾರಾವಾಹಿ ಕೊಟ್ಟಿತ್ತು. ಅದರ ಮೊದಲ ಕಂತಿನಲ್ಲಿ ನಾದಿಯಾ ಎಂಬ ಮುಸ್ಲಿಂ ಮಹಿಳೆಯನ್ನು ಗಂಡನ ಬಲವಂತಕ್ಕೆ ಸಿಕ್ಕಿ ಮೈಗೆ ಬಾಂಬು ಕಟ್ಟಿಕೊಂಡ ಅಸಹಾಯಕಳೆಂದು ತೋರಿಸಲಾಯಿತು. ಕೊನೆಯ ಕಂತಿನಲ್ಲಿ ಬಾಂಬು ತಯಾರಿಸಿದವಳೇ ಅವಳೆಂದು ತಿರುವು ಕೊಡಲಾಯಿತು. ಅಸಹಾಯಕಳು, ಇಲ್ಲವೇ ಭಯೋತ್ಪಾದಕಿ. ಮುಸ್ಲಿಂ ಮಹಿಳೆಗೆ ಆ ಕಥೆಯಲ್ಲಿ ಮೂರನೆಯ ಜಾಗವೇ ಇರಲಿಲ್ಲ. ಬ್ರಿಟನ್ನಿನ ಮುಸ್ಲಿಮರಲ್ಲಿ ಹಲವರು ಇದನ್ನು ಪ್ರತಿಭಟಿಸಿದರು. ಒಮ್ಮೆ ಮುಸ್ಲಿಂ, ಮತ್ತೊಮ್ಮೆ ರಶ್ಯನ್. ಹೆಸರು ಬದಲಾದರೂ ಅದರ ಕೆಲಸ ಬದಲಾಗುವುದಿಲ್ಲ. ವೀಕ್ಷಕನ ಭಯವನ್ನು ಹೊರಗಿನವನ ತಲೆಗೆ ಕಟ್ಟಿ, ಅಧಿಕಾರದಲ್ಲಿರುವವರನ್ನು ಉತ್ತರದಾಯಿತ್ವದಿಂದ ಪಾರುಮಾಡುವುದೇ ಆ ಕೆಲಸ. ನಮ್ಮವರನ್ನು ಖಳರನ್ನಾಗಿ ತೋರಿಸಿದಾಗ ಮಾತ್ರ ಎದ್ದು ನಿಂತು, ಬೇರೆಯವರನ್ನು ತೋರಿಸಿದಾಗ ಆರಾಮವಾಗಿ ಕುಳಿತು ನೋಡುವುದು ನ್ಯಾಯವೆನಿಸದು. ಸೂತ್ರವೇ ತಪ್ಪು ಎಂದಾದರೆ ಅದು ಎಲ್ಲರ ವಿಷಯದಲ್ಲೂ ತಪ್ಪು.

ಈಗ ಆ ನೌಕೆ ಹೊತ್ತಿರುವ ವಸ್ತುವಿನ ವಿಷಯಕ್ಕೆ ಬರೋಣ. 1969ರಿಂದ ಇಂದಿನವರೆಗೆ ಬ್ರಿಟನ್ನಿನ ಕನಿಷ್ಠ ಒಂದು ಅಣ್ವಸ್ತ್ರ ಜಲಾಂತರ್ಗಾಮಿ ಸದಾ ಕಡಲಿನಡಿ ಗಸ್ತಿನಲ್ಲಿದೆ. ದೇಶವೇ ನಾಶವಾದರೆ ಏನು ಮಾಡಬೇಕೆಂದು ಪ್ರತಿ ಪ್ರಧಾನಿಯೂ ತನ್ನ ಕೈಯಾರೆ ಪತ್ರ ಬರೆದು ನಾಲ್ಕೂ ನೌಕೆಗಳ ತಿಜೋರಿಯಲ್ಲಿ ಇಡಿಸುತ್ತಾನೆ. ಪ್ರಧಾನಿ ಬದಲಾದಾಗ ಆ ಪತ್ರಗಳನ್ನು ತೆರೆಯದೆಯೇ ನಾಶಮಾಡಲಾಗುತ್ತದೆ. ಲಕ್ಷಾಂತರ ಜನರ ಸಾವು ಬದುಕಿನ ಆದೇಶ ಅದರಲ್ಲಿರುತ್ತದೆ. ಆದರೆ ಅದರಲ್ಲಿ ಏನು ಬರೆದಿತ್ತೆಂದು ಆ ದೇಶದ ಜನರಿಗೆ ಎಂದೂ ತಿಳಿಯದು.

2016ರ ಜೂನ್‌ನಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಾಚೆ 'ವೆಂಜೆನ್ಸ್' ನೌಕೆಯಿಂದ ಪರೀಕ್ಷೆಗಾಗಿ ಹಾರಿಸಿದ ಸಿಡಿತಲೆಯಿಲ್ಲದ ಟ್ರೈಡೆಂಟ್ ಕ್ಷಿಪಣಿ ದಾರಿ ತಪ್ಪಿತು. ಮರುತಿಂಗಳು, ಜುಲೈ 18ರಂದು, ಈ ನೌಕೆಗಳ ಬದಲಿಗೆ ಹೊಸ ನೌಕೆಗಳನ್ನು ಕಟ್ಟುವ ಪ್ರಸ್ತಾಪ ಸಂಸತ್ತಿನ ಮುಂದೆ ಬಂತು. 472 ಮಂದಿ ಪರವಾಗಿ, 117 ಮಂದಿ ವಿರುದ್ಧವಾಗಿ ಮತ ಹಾಕಿದರು. ಇದಕ್ಕೆ ಅಂದಾಜು ಮಾಡಿದ ವೆಚ್ಚ 3,100 ಕೋಟಿ ಪೌಂಡ್, ಅದರ ಮೇಲೆ ಮೀಸಲಿಟ್ಟದ್ದು 1,000 ಕೋಟಿ ಪೌಂಡ್. ಪರೀಕ್ಷೆ ವಿಫಲವಾದ ಸುದ್ದಿ ಪತ್ರಿಕೆಯಲ್ಲಿ ಬಂದದ್ದು 2017ರ ಜನವರಿಯಲ್ಲಿ, ಅಂದರೆ ಮತದಾನ ಮುಗಿದು ಆರು ತಿಂಗಳ ಬಳಿಕ. ಮತದಾನಕ್ಕೆ ಮುನ್ನ ನಿಮಗೆ ಇದು ತಿಳಿದಿತ್ತೇ ಎಂದು ಟಿ.ವಿ. ಸಂದರ್ಶನದಲ್ಲಿ ನಾಲ್ಕು ಬಾರಿ ಕೇಳಿದಾಗಲೂ ಅಂದಿನ ಪ್ರಧಾನಿ ತೆರೇಸಾ ಮೇ ನೇರ ಉತ್ತರ ಕೊಡಲಿಲ್ಲ. 2024ರ ಜನವರಿಯಲ್ಲಿ 'ವ್ಯಾನ್‌ಗಾರ್ಡ್' ನೌಕೆಯಿಂದ ನಡೆಸಿದ ಪರೀಕ್ಷೆಯೂ ವಿಫಲವಾಯಿತು.

ಇನ್ನು ಧಾರಾವಾಹಿ ಪ್ರಸಾರವಾದ ವರ್ಷವನ್ನೇ ನೋಡಿ. 2021ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸರಕಾರ ತನ್ನ ರಕ್ಷಣಾ ನೀತಿಯನ್ನು ಪ್ರಕಟಿಸಿತು. ಸಿಡಿತಲೆಗಳ ಸಂಖ್ಯೆಯನ್ನು 180ಕ್ಕೆ ಇಳಿಸುತ್ತೇವೆ ಎಂದು ಹಿಂದೆ ಕೊಟ್ಟಿದ್ದ ಮಾತನ್ನು ಕೈಬಿಟ್ಟು, ಗರಿಷ್ಠ ಮಿತಿಯನ್ನು 260ಕ್ಕೆ ಏರಿಸಿತು. ಅಷ್ಟೇ ಅಲ್ಲ, ಬಳಕೆಗೆ ಸಿದ್ಧವಿರುವ ಸಿಡಿತಲೆಗಳೆಷ್ಟು, ನೌಕೆಯಲ್ಲಿರುವ ಕ್ಷಿಪಣಿಗಳೆಷ್ಟು ಎಂಬ ಅಂಕಿಅಂಶವನ್ನು ಇನ್ನು ಮುಂದೆ ಪ್ರಕಟಿಸುವುದಿಲ್ಲ ಎಂದೂ ಹೇಳಿತು. ಅಂದರೆ ಇದ್ದ ಒಂದು ಕಿಟಕಿಯನ್ನೂ ಮುಚ್ಚಿತು. ಇದಾಗಿ ಐದು ತಿಂಗಳಿಗೆ ಒಂದು ಕೋಟಿ ಜನರು ಅಂತಹದೇ ನೌಕೆಯ ಕಥೆಯನ್ನು ಉಸಿರು ಬಿಗಿಹಿಡಿದು ನೋಡಿದರು. ಅವರಲ್ಲಿ ಎಷ್ಟು ಮಂದಿ 180 ಏಕೆ 260 ಆಯಿತೆಂದು ಕೇಳಿದರು? ಕೇಳಿದವರು ಇಲ್ಲವೇ ಇಲ್ಲ ಎಂದಲ್ಲ. ಶಾಂತಿ ಚಳವಳಿಯವರು ಕೇಳಿದರು, ಸ್ಕಾಟ್ಲೆಂಡಿನ ಅನೇಕ ಜನಪ್ರತಿನಿಧಿಗಳು ಕೇಳಿದರು. ಆದರೆ ಬಾಗಿಲಿನ ಅಗಲದ ಬಗ್ಗೆ ಎದ್ದ ಸದ್ದಿನ ಮುಂದೆ ಆ ದನಿ ಯಾರಿಗೆ ಕೇಳಿಸಬೇಕು?

"ಅದು ಬರೀ ಮನರಂಜನೆ, ಅದರಲ್ಲೂ ರಾಜಕೀಯ ಹುಡುಕಬೇಕೇ?" ಎಂದು ಕೆಲವರು ಕೇಳಬಹುದು. ಹುಡುಕಬೇಕು. ಕಾರಣ, ಆ ಕಥೆಯನ್ನು ವಾಸ್ತವದ ಅಳತೆಗೋಲಿನಿಂದ ಮೊದಲು ಅಳೆದವರು ನಾವಲ್ಲ, ವೀಕ್ಷಕರೇ. ಕೋಣೆ ನಿಜದಂತಿಲ್ಲ, ಕೊಳವೆ ನಿಜದಂತಿಲ್ಲ ಎಂದವರು ಅವರೇ. ಹಾಗಿದ್ದರೆ ಆ ಅಳತೆಗೋಲನ್ನು ಕೊನೆಯವರೆಗೂ ಒಯ್ಯಲಿ. ಮೀನುಗಾರರ ಸಾವು ನಿಜಕ್ಕೆ ಎಷ್ಟು ಹತ್ತಿರ, ಖಳನ ಆಯ್ಕೆ ನಿಜದಿಂದ ಎಷ್ಟು ದೂರ ಎಂದೂ ಅಳೆಯಲಿ. ಪೀಠೋಪಕರಣಕ್ಕೆ ಸತ್ಯ ಬೇಕು, ಪ್ರಾಣಕ್ಕೆ ಬೇಡ ಎಂದರೆ ಹೇಗೆ?

"ದೇಶದ ರಕ್ಷಣೆಯಲ್ಲಿ ಗುಟ್ಟು ಬೇಡವೇ?" ಎಂಬುದು ಇನ್ನೊಂದು ಪ್ರಶ್ನೆ. ಬೇಕು. ನೌಕೆ ಈ ಕ್ಷಣ ಎಲ್ಲಿದೆ ಎಂದು ಯಾರೂ ಕೇಳುತ್ತಿಲ್ಲ. ಆದರೆ ಶತ್ರುವಿನಿಂದ ಮುಚ್ಚಿಡಬೇಕಾದ ಗುಟ್ಟು ಬೇರೆ, ಸ್ವಂತ ಜನರಿಂದ ಮುಚ್ಚಿಡುವ ತಪ್ಪು ಬೇರೆ. 'ಕ್ಯಾರೆನ್' ಬೋಟನ್ನು ಎಳೆದದ್ದು ತಮ್ಮದೇ ನೌಕೆ ಎಂದು ಹೇಳಲು ಐದು ತಿಂಗಳು ಹಿಡಿದದ್ದು ಯಾವ ಶತ್ರುವಿನ ಭಯದಿಂದ? ಸಂಸತ್ತು ಮತ ಹಾಕುವಾಗ ಕ್ಷಿಪಣಿ ದಾರಿ ತಪ್ಪಿದ್ದನ್ನು ಸದಸ್ಯರಿಗೆ ಹೇಳದಿದ್ದರಿಂದ ಯಾವ ಕೋಟೆ ಉಳಿಯಿತು? ಗುಟ್ಟಿನ ಪರದೆ ಒಮ್ಮೆ ನೇತುಬಿದ್ದರೆ ಅದರ ಹಿಂದೆ ಅಸ್ತ್ರವೂ ಅಡಗುತ್ತದೆ, ಅಲಕ್ಷ್ಯವೂ ಅಡಗುತ್ತದೆ. ಎರಡನ್ನು ಬೇರ್ಪಡಿಸುವ ಕೆಲಸ ಜನರು ಕೇಳುವ ಪ್ರಶ್ನೆಗಳಿಂದ ಮಾತ್ರ ಸಾಧ್ಯ.

ಬ್ರಿಟನ್ನಿನ ಧಾರಾವಾಹಿಯ ಬಗ್ಗೆ ನಮಗೇಕೆ ಇಷ್ಟು ಚಿಂತೆ ಎಂದು ನಮ್ಮ ಪಟ್ಟಣಗಳ ಓದುಗರು ಕೇಳುವುದು ಸಹಜ. ಇಂತಹ ಕಥೆಗಳು ಇಂದು ಮೊಬೈಲಿನ ಮೂಲಕ ನಮ್ಮ ಮಕ್ಕಳ ಕೈಗೇ ಬಂದು ತಲುಪುತ್ತಿವೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಮ್ಮದೇ ಕಡಲು. 2018ರ ನವೆಂಬರ್‌ನಲ್ಲಿ 'ಅರಿಹಂತ್' ಜಲಾಂತರ್ಗಾಮಿ ತನ್ನ ಮೊದಲ ಅಣ್ವಸ್ತ್ರ ಗಸ್ತನ್ನು ಮುಗಿಸಿತೆಂದು ನಮ್ಮ ಪ್ರಧಾನಿ ಘೋಷಿಸಿದರು. ಇಂತಹ ನೌಕೆಗಳನ್ನು ಹೊಂದಿದ ಕೆಲವೇ ದೇಶಗಳ ಸಾಲಿನಲ್ಲಿ ನಾವೂ ಇದ್ದೇವೆ. 2024ರ ನವೆಂಬರ್ 21ರಂದು ಗೋವಾದ ವಾಯವ್ಯಕ್ಕೆ ಸುಮಾರು 70 ನಾಟಿಕಲ್ ಮೈಲು ದೂರದಲ್ಲಿ 'ಮಾರ್ತೋಮಾ' ಎಂಬ ಮೀನುಗಾರಿಕಾ ಬೋಟಿಗೂ ಭಾರತೀಯ ನೌಕಾಪಡೆಯ ಜಲಾಂತರ್ಗಾಮಿಯೊಂದಕ್ಕೂ ಡಿಕ್ಕಿಯಾಯಿತು. ಅದು ಅಣ್ವಸ್ತ್ರ ನೌಕೆಯಲ್ಲ, ಸ್ಕಾರ್ಪೀನ್ ವರ್ಗದ ಸಾಮಾನ್ಯ ಜಲಾಂತರ್ಗಾಮಿ. ಬೋಟಿನಲ್ಲಿದ್ದ 13 ಮಂದಿಯಲ್ಲಿ 11 ಮಂದಿಯನ್ನು ರಕ್ಷಿಸಲಾಯಿತು. ಇಬ್ಬರು ಕಡಲಿಗೆ ಬಲಿಯಾದರು. ತಪ್ಪು ಯಾರದೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಪರದೆಯ ಮೇಲಿನ ಬೋಟನ್ನು ನೋಡಿ ಮೈ ಜುಮ್ಮೆಂದವರಲ್ಲಿ ಎಷ್ಟು ಮಂದಿಗೆ 'ಮಾರ್ತೋಮಾ' ಎಂಬ ಹೆಸರು ನೆನಪಿದೆ?

ಕರಾವಳಿಯ ಓದುಗರಿಗೆ ಇನ್ನೊಂದು ಹೆಸರು ಖಂಡಿತ ನೆನಪಿರುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಜನವರಿಯಲ್ಲಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಪ್ರತಿಭಟಿಸಿದರು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಸಮೀಪ ಕಡಲ ತಳದಲ್ಲಿ ಪತ್ತೆಯಾದದ್ದು ಆ ವರ್ಷದ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳ ಹೆಂಗಸರು ಬಾಗಿಲಲ್ಲಿ ಕುಳಿತು ಕಾದರು. ಬೋಟು ಹೇಗೆ ಮುಳುಗಿತೆಂಬ ಬಗ್ಗೆ ಅವರಿಗಿದ್ದ ಸಂದೇಹಗಳಿಗೆ ಸ್ಪಷ್ಟ ಉತ್ತರ ಕೇಳುವುದು ದೇಶದ್ರೋಹವಲ್ಲ. ಅದು ಪ್ರಜೆಯ ಹಕ್ಕು. ಹೆದ್ದಾರಿಗಿಳಿದು ಅದನ್ನು ಕೇಳಿದವರು ಬಲೆ ಎಳೆಯುವ ಬಡವರು. ಟಿ.ವಿ. ಮುಂದೆ ಕುಳಿತು ತಪ್ಪು ಹುಡುಕುವ ನಮ್ಮಂತಹ ಪಟ್ಟಣಿಗರ ದನಿ ಅವರ ಜೊತೆ ಎಷ್ಟು ಸೇರಿತ್ತು?

ಧಾರಾವಾಹಿ ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಟಿ.ವಿ.ಯನ್ನು ಮನೆಯಿಂದ ಹೊರಗಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ವಾದ ಈಗ ನಡೆಯುವುದೂ ಇಲ್ಲ. ನೋಡುವುದಾದರೆ ಮಕ್ಕಳ ಜೊತೆ ಕುಳಿತು ನೋಡಿ. ಕಂತು ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಅವರ ಮುಂದಿಡಿ. ಈ ಕಥೆಯಲ್ಲಿ ಮೊದಲು ಸತ್ತವರು ಯಾರು, ಅವರಿಗೆ ಹೆಸರಿತ್ತೇ? ಕೊನೆಗೆ ತಪ್ಪನ್ನು ಯಾರ ತಲೆಗೆ ಕಟ್ಟಲಾಯಿತು, ಅದರಿಂದ ಪಾರಾದವರು ಯಾರು? ಇಂತಹದ್ದು ನಿಜವಾಗಿ ಎಲ್ಲಾದರೂ ನಡೆದಿದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವ ಮಗು ಕ್ಯಾರಡೇಲ್‌ನ ನಾಲ್ವರನ್ನು ತಲುಪುತ್ತದೆ, ಅಲ್ಲಿಂದ ಮಲ್ಪೆಯ ಏಳು ಮಂದಿಯನ್ನೂ ತಲುಪುತ್ತದೆ. ಬಾಗಿಲಿನ ಅಗಲವನ್ನು ಅಳೆಯಲು ಕಲಿತ ಮಗು ಬಾಗಿಲ ಬಳಿಯೇ ನಿಂತುಬಿಡುತ್ತದೆ.

ಪತ್ರಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ಧಾರಾವಾಹಿಯ ಟಾರ್ಪಿಡೊ ಕೊಳವೆ ನಿಜವೋ ಸುಳ್ಳೋ ಎಂದು ತಜ್ಞರನ್ನು ಹುಡುಕಿ ಬರೆಸುವ ಶ್ರಮದ ಅರ್ಧದಷ್ಟನ್ನು ಮುಳುಗಿದ ಬೋಟುಗಳ ತನಿಖಾ ವರದಿ ಎಲ್ಲಿದೆ, ಅದು ಕುಟುಂಬಗಳ ಕೈಸೇರಿತೇ ಎಂದು ಹುಡುಕಲು ವ್ಯಯಿಸಿದರೆ ಸಾಕು. ಪರದೆಯ ಮೇಲಿನ ಜಲಾಂತರ್ಗಾಮಿ ಎಷ್ಟು ವಿಶಾಲವಾಗಿದ್ದರೂ ಅದರಿಂದ ಯಾರ ಪ್ರಾಣಕ್ಕೂ ಹಾನಿಯಿಲ್ಲ. ನಿಜವಾದ ಜಲಾಂತರ್ಗಾಮಿ ಎಷ್ಟೇ ಇಕ್ಕಟ್ಟಾಗಿರಲಿ, ಅದರೊಳಗೆ ನಾಲ್ಕಾರು ನಗರಗಳನ್ನು ಸುಡುವ ಬೆಂಕಿಗೆ ಜಾಗವಿದೆ. ಅದನ್ನು ಕಟ್ಟಲು ಹಣ ಕೊಡುವವರು ಜನರು, ಅದು ಸಂಚರಿಸುವ ಕಡಲಿನಲ್ಲಿ ಅನ್ನ ಹುಡುಕುವವರೂ ಜನರು. ಅದರ ಬಗ್ಗೆ ಪ್ರಶ್ನೆ ಕೇಳುವ ಹಕ್ಕನ್ನು ಅವರು ಧಾರಾವಾಹಿಯ ಕೋಣೆಯ ಅಳತೆಗೆ ಮಾರಿಕೊಳ್ಳಬಾರದು.